ಹತ್ತಿಕಟಿಗಿ ಬೆಂಕಿಗೆ ಕೆಂಪು ಗೆರೆ: ಕನ್ನಡದ ಉತ್ತರಸೂಚಿ ಬರೆಯುವವರಿಗೆ ಬಹಿರಂಗ ಪತ್ರ

ಇವರಿಗೆ,
ಕೊಪ್ಪಳ ಜಿಲ್ಲೆಯ ಪ್ರೌಢಶಾಲೆಗಳಿಗೆ ಕನ್ನಡ ಮಾದರಿ ಪ್ರಶ್ನೆಪತ್ರಿಕೆ ಮತ್ತು ಉತ್ತರಸೂಚಿ ತಯಾರು ಮಾಡುವ ಗುರುಗಳಿಗೆ, ಆ ಸೂಚಿಯನ್ನು ಪಕ್ಕದಲ್ಲಿಟ್ಟುಕೊಂಡು ಪೇಪರ್ ತಿದ್ದುವ ಎಲ್ಲ ಕನ್ನಡ ಸರ್ ಮತ್ತು ಟೀಚರ್‌ಗಳಿಗೆ

ವಿಷಯ: ಅಲಂಕಾರದ ಪ್ರಶ್ನೆಗೆ ಮಕ್ಕಳು ಬರೆಯುವ ಸ್ವಂತ ಉದಾಹರಣೆಗೆ ಅಂಕ ಕೊಡುವ ಬಗ್ಗೆ

ಮಾನ್ಯರೇ,

ನಾನು ಮಾಸ್ತರ ಅಲ್ಲ. ಕೊಪ್ಪಳದಲ್ಲಿ ಒಂದು ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಇಟ್ಟುಕೊಂಡಿದ್ದೇನೆ. 17 ವರ್ಷ ಆಯಿತು. ಆಧಾರ್ ಕಾರ್ಡು, ಪಹಣಿ, ರೇಷನ್ ಕಾರ್ಡು ಜೆರಾಕ್ಸ್ ಮಾಡುವುದು ದಿನದ ಕೆಲಸ. ಅದರ ಜೊತೆಗೆ ಲಗ್ನಪತ್ರಿಕೆ, ಬ್ಯಾನರು, ಅರ್ಜಿ, ಸುತ್ತಮುತ್ತಲಿನ ಶಾಲೆಗಳ ಕಿರುಪರೀಕ್ಷೆ ಪೇಪರು ಟೈಪ್ ಮಾಡುತ್ತೇನೆ. ಅಂದರೆ ಬೆಳಗಿನಿಂದ ರಾತ್ರಿವರೆಗೂ ಕನ್ನಡದ ಅಕ್ಷರಗಳ ಜೊತೆಗೇ ನನ್ನ ಒಡನಾಟ. ಕನ್ನಡ ಎಂಎ ಮಾಡಿಲ್ಲ, ಪಿಯುಸಿಗೆ ನಿಂತೆ. ಹೀಗಾಗಿ ಇಲ್ಲಿ ಏನಾದರೂ ತಪ್ಪು ಹೇಳಿದರೆ ದಯವಿಟ್ಟು ತಿದ್ದಿ. ಆದರೆ ಪೂರ್ತಿ ಓದಿದ ಮೇಲೆ ತಿದ್ದಿ.

ಹೋದ ಫೆಬ್ರುವರಿಯ ಒಂದು ಸಂಜೆ ನನ್ನ ಅಕ್ಕನ ಮಗಳು ಅಂಗಡಿಗೆ ಬಂದಳು. ಹತ್ತನೇ ಕ್ಲಾಸು. ಕೈಯಲ್ಲಿ ತಿದ್ದಿ ಕೊಟ್ಟ ಕನ್ನಡ ಪೇಪರ್ ಇತ್ತು. ಕಣ್ಣಲ್ಲಿ ನೀರಿರಲಿಲ್ಲ, ಸಿಟ್ಟಿತ್ತು. "ಮಾಮ, ಇದರಾಗ ನಂದು ತಪ್ಪೇನೈತಿ ಹೇಳು" ಅಂತ ಪೇಪರನ್ನು ಜೆರಾಕ್ಸ್ ಮಿಷನ್ ಮೇಲೆ ಹರಡಿದಳು.

ಪ್ರಶ್ನೆ ಮೂರು ಅಂಕದ್ದು. ಉಪಮಾಲಂಕಾರದ ಲಕ್ಷಣ ಬರೆದು, ಒಂದು ಉದಾಹರಣೆ ಕೊಟ್ಟು ಸಮನ್ವಯಗೊಳಿಸಿ. ಲಕ್ಷಣವನ್ನು ಪುಸ್ತಕದಲ್ಲಿದ್ದ ಹಾಗೇ ಬರೆದಿದ್ದಳು. ಎರಡು ವಸ್ತುಗಳಿಗಿರುವ ಹೋಲಿಕೆಯನ್ನು ಸೊಗಸಾಗಿ ಹೇಳಿದರೆ ಅದು ಉಪಮೆ. ಅದಕ್ಕೆ ಟಿಕ್ ಬಿದ್ದಿದೆ. ಉದಾಹರಣೆ ಮಾತ್ರ ಹೀಗಿತ್ತು:

"ನಮ್ಮ ದೊಡ್ಡಪ್ಪನ ಸಿಟ್ಟು ಹತ್ತಿಕಟಿಗಿ ಬೆಂಕಿ ಗತೆ ಭುಗ್ಗನೆ ಹತ್ತಿ ಬೇಗ ಆರುತ್ತದೆ."

ಅದರ ಕೆಳಗೆ ನಾಲ್ಕು ಸಾಲು. ಉಪಮೇಯ: ದೊಡ್ಡಪ್ಪನ ಸಿಟ್ಟು. ಉಪಮಾನ: ಹತ್ತಿಕಟಿಗಿ ಬೆಂಕಿ. ಉಪಮಾವಾಚಕ: ಗತೆ. ಸಮಾನಧರ್ಮ: ಬೇಗ ಹತ್ತಿ ಬೇಗ ಆರುವುದು. ಇಡೀ ಉದಾಹರಣೆಯ ಮೇಲೆ ಮೂಲೆಯಿಂದ ಮೂಲೆಗೆ ಒಂದು ಕೆಂಪು ಗೆರೆ ಎಳೆದಿದ್ದರು. 'ಗತೆ' (ಅಂದರೆ 'ಹಾಗೆ') ಅನ್ನುವ ಪದಕ್ಕೆ ಸುತ್ತು ಹಾಕಿ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ. ಅಂಚಿನಲ್ಲಿ 'ಪುಸ್ತಕದ ಉದಾಹರಣೆ ಬರೆ' ಅಂತ ಒಂದು ಸಾಲು. ಮೂರಕ್ಕೆ ಒಂದು ಅಂಕ.

ನಾನು ಆ ವಾಕ್ಯವನ್ನು ಎರಡು ಮೂರು ಸಲ ಓದಿದೆ. ಹತ್ತಿ ಬಿಡಿಸಿ ಮುಗಿದ ಮೇಲೆ ಹೊಲದಲ್ಲಿ ಉಳಿಯುವ ಗಿಡವನ್ನು ಕಿತ್ತು, ಒಣಗಿಸಿ, ಮನೆ ಹಿಂದೆ ಒಟ್ಟುತ್ತೇವಲ್ಲ, ಅದೇ ಹತ್ತಿಕಟಿಗಿ. ನೀರು ಕಾಸುವ ಒಲೆಗೆ ಇಟ್ಟರೆ ಒಂದೇ ಕಡ್ಡಿಗೆ ಹತ್ತುತ್ತದೆ. ಉರಿ ಆಳೆತ್ತರ ಏಳುತ್ತದೆ. ನೀವು ಹಂಡೆ ಎತ್ತಿ ಇಡುವಷ್ಟರಲ್ಲಿ ಬೂದಿ. ಆ ಹುಡುಗಿಯ ದೊಡ್ಡಪ್ಪ ನನಗೂ ಗೊತ್ತಿರುವ ಮನುಷ್ಯ. ಇದಕ್ಕಿಂತ ಸರಿಯಾಗಿ ಅವರನ್ನು ಯಾರೂ ಹೇಳಲಿಕ್ಕಿಲ್ಲ!

ಉಪಮೆಯ ನಾಲ್ಕು ಅಂಗಗಳೂ ಅಲ್ಲಿವೆ, ಒಂದೂ ಬಿಟ್ಟಿಲ್ಲ. ನಾಲ್ಕೂ ಇದ್ದರೆ ಪೂರ್ಣೋಪಮೆ, ಒಂದೋ ಎರಡೋ ಕಡಿಮೆಯಾದರೆ ಲುಪ್ತೋಪಮೆ ಅಂತ ನೀವೇ ಕಲಿಸುತ್ತೀರಿ. ಆ ಲೆಕ್ಕದಲ್ಲಿ ಇದು ಪೂರ್ಣೋಪಮೆ. ಹಾಗಾದರೆ ಅಂಕ ಎಲ್ಲಿ ಹೋಯಿತು?

ನಾನು ಅವರ ಸರ್ ಹತ್ತಿರ ಹೋದೆ. ಜಗಳಕ್ಕಲ್ಲ, ಕೇಳೋಣ ಅಂತ. ಬಹಳ ಒಳ್ಳೆಯವರು. ಚಹಾ ತರಿಸಿದರು. ಅವರು ಹೇಳಿದ್ದು ಇಷ್ಟು: "ನೋಡ್ರಿ, ಆಕಿ ಬರೆದದ್ದು ಚಂದ ಐತಿ, ನನಗೂ ಗೊತ್ತು. ಆದ್ರ ಮೇನ್ ಪರೀಕ್ಷೆ ಪೇಪರ್ ತಿದ್ದಾವ್ರು ಬ್ಯಾರೆ ಊರಾವ್ರು. ಅವ್ರ ಮುಂದ ಕೀ ಆನ್ಸರ್ ಇರತೈತಿ. 'ಗತೆ' ಅಂದ್ರ ಏನಂತ ಅವ್ರಿಗೆ ಗೊತ್ತಾಗದಿದ್ರ ಮೂರೂ ಮಾರ್ಕ್ಸ್ ಹೋಗ್ತಾವ. ಇಲ್ಲಿ ನಾನು ಎರಡು ಕಡಿಮಿ ಕೊಟ್ರ ಅಲ್ಲಿ ಆಕಿ ಮೂರು ಉಳಿಸ್ಕೊಂತಾಳ."

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಅವರ ಮೇಲೆ ನನಗೆ ಸಿಟ್ಟಿಲ್ಲ. ಹತ್ತನೇ ಕ್ಲಾಸಿನ ರಿಸಲ್ಟು ಅವರ ತಲೆ ಮೇಲಿದೆ, ಪಾಪ. ಆದ್ದರಿಂದಲೇ ಈ ಪತ್ರವನ್ನು ಅವರಿಗೊಬ್ಬರಿಗೇ ಬರೆಯುತ್ತಿಲ್ಲ. ಆ ಸೂಚಿ ಎಲ್ಲಿ ಹುಟ್ಟುತ್ತದೋ ಅಲ್ಲಿಗೆ ಬರೆಯುತ್ತಿದ್ದೇನೆ.

ಈಗ ನನ್ನ ಅಂಗಡಿಯಲ್ಲಿ ಏನು ನಡೆಯುತ್ತದೆ ಅಂತ ಹೇಳುತ್ತೇನೆ. ಪ್ರತಿ ವರ್ಷ ಜನವರಿಯಿಂದ ಮಾರ್ಚ್‌ವರೆಗೆ ಅಲಂಕಾರದ ಎರಡು ಪುಟದ ನೋಟ್ಸು ಜೆರಾಕ್ಸ್‌ಗೆ ಬರುತ್ತದೆ. ಅದೇ ಎರಡು ಪುಟ. ಶಾಲೆ ಬೇರೆ, ಊರು ಬೇರೆ, ಪುಟ ಅದೇ. ಉಪಮೆಗೆ ಚಂದ್ರನಂತೆ ಮುಖ, ರೂಪಕಕ್ಕೆ ಮುಖಕಮಲ. ಮೂಲ ಯಾರು ಬರೆದರೋ ಗೊತ್ತಿಲ್ಲ. ಜೆರಾಕ್ಸಿನ ಜೆರಾಕ್ಸು ಆಗಿ ಆಗಿ ಈಗ ಚಂದ್ರ ಅರ್ಧ ಅಳಿಸಿ ಹೋಗಿದ್ದಾನೆ. ಹೋದ ವರ್ಷ ಒಂದು ಶಾಲೆಯವರು "ಇದನ್ನ ಹೊಸದಾಗಿ ಟೈಪ್ ಮಾಡಿಕೊಡ್ರಿ, ಅಕ್ಷರ ಕಾಣವಲ್ವು" ಅಂದರು.

ಅಲ್ಲೊಂದು ನನ್ನ ತಪ್ಪು ಒಪ್ಪಿಕೊಳ್ಳಬೇಕು. ಆ ನೋಟ್ಸಿನಲ್ಲಿ ಉತ್ಪ್ರೇಕ್ಷಾಲಂಕಾರ ಅಂತ ಇತ್ತು. ('ನುಡಿ' ಸಾಫ್ಟ್‌ವೇರಿನಲ್ಲಿ ಟೈಪ್ ಮಾಡುವವರಿಗೆ ಈ ಪದದ ಸಂಕಟ ಗೊತ್ತು, ಒತ್ತಿನ ಮೇಲೆ ಒತ್ತು.) ಮುಂದಿನ ಸಾಲು ಓದಲು ಬರುತ್ತಿರಲಿಲ್ಲ. ನಾನು ದಿನಾ ನ್ಯೂಸ್ ಪೇಪರ್ ಓದುವವನು. ಪೇಪರಿನಲ್ಲಿ 'ಇದು ಉತ್ಪ್ರೇಕ್ಷೆ' ಅಂದರೆ ಇದ್ದದ್ದನ್ನು ಜಾಸ್ತಿ ಮಾಡಿ ಹೇಳುವುದು ಅಂತಲೇ ಅರ್ಥ. ಹಾಗೇ ಟೈಪ್ ಮಾಡಿಬಿಟ್ಟೆ. ನಾಲ್ಕು ನೂರು ಕಾಪಿ ಹೋಯಿತು. ಒಬ್ಬರೂ ವಾಪಸ್ ಬಂದು ಇದು ತಪ್ಪು ಅನ್ನಲಿಲ್ಲ. ಎರಡು ತಿಂಗಳ ನಂತರ ಪಕ್ಕದ ಊರಿನ ರಿಟೈರ್ಡ್ ಮಾಸ್ತರರೊಬ್ಬರು ಪಹಣಿ ಜೆರಾಕ್ಸಿಗೆ ಬಂದರು. ಟೇಬಲ್ ಮೇಲೆ ಬಿದ್ದಿದ್ದ ಆ ಹಾಳೆ ನೋಡಿ ನಕ್ಕುಬಿಟ್ಟರು.

ಅವರು ನನಗೆ ಅಲ್ಲೇ ನಿಂತು ಪಾಠ ಮಾಡಿದರು. "ಇವತ್ತಿನ ಬಿಸಲಿಗೆ ಬಂಡಿಗಲ್ಲ ಮ್ಯಾಲ ರೊಟ್ಟಿ ಸುಡಬೌದು ಅಂದ್ರ ಅದು ಅತಿಶಯೋಕ್ತಿ. ಅಳತಿ ಮೀರಿ ಹೇಳಿದ್ದು. ಸೂರ್ಯ ಆಕಾಶ ಬಿಟ್ಟು ನಮ್ಮ ಕೊಪ್ಪಳದ ಕೋಟೆ ಗುಡ್ಡದ ಮ್ಯಾಲ ಬಂದು ಕುಂತಾನೋ ಏನೋ ಅಂದ್ರ ಉತ್ಪ್ರೇಕ್ಷೆ. ಒಂದನ್ನ ಇನ್ನೊಂದಂತ ಕಲ್ಪಿಸೋದು. ಆ 'ಏನೋ'ದಾಗ ಅದರ ಜೀವ ಐತಿ." ಎರಡೇ ನಿಮಿಷ. ನನಗೆ ಇನ್ನು ಸಾಯುವವರೆಗೂ ಮರೆಯುವುದಿಲ್ಲ. ಯಾಕೆಂದರೆ ಆ ಬಂಡೆ ನಾನು ಕುಳಿತಿರುವ ಬಂಡೆ. ಆ ಗುಡ್ಡ ನನ್ನ ಅಂಗಡಿಯಿಂದ ಕಾಣುವ ಗುಡ್ಡ.

ಇಷ್ಟೇ ನಾನು ಕೇಳುತ್ತಿರುವುದು. ಆ ಎರಡು ನಿಮಿಷ ನಮ್ಮ ಮಕ್ಕಳಿಗೂ ಸಿಗಲಿ. ಅವರೇ ಅಂಥ ಮಾತು ಹೇಳಿದಾಗ ಅದರ ಮೇಲೆ ಕೆಂಪು ಗೆರೆ ಬೀಳದಿರಲಿ.

'ಗತೆ' ವಿಷಯಕ್ಕೆ ಬರುತ್ತೇನೆ. ಉಪಮಾವಾಚಕ ಅಂತ ನೋಟ್ಸಿನಲ್ಲಿ ಪಟ್ಟಿ ಇರುತ್ತದೆ. ಅಂತೆ, ಹಾಗೆ, ವೊಲ್, ತೆರದಿ, ಸಮ. ಇದರಲ್ಲಿ 'ವೊಲ್' ಹಳಗನ್ನಡ. ನಮ್ಮ ಮಕ್ಕಳು ಅದನ್ನು ಪದ್ಯದಲ್ಲಿ ಬಿಟ್ಟರೆ ಬೇರೆಲ್ಲೂ ಕೇಳಿಲ್ಲ. ಅದಕ್ಕೆ ಜಾಗ ಇದೆ, ಇರಲಿ, ಬೇಕು. ಆದರೆ ಹುಟ್ಟಿದಾಗಿನಿಂದ ಕೇಳುತ್ತಿರುವ 'ಹಂಗ', 'ಗತೆ' ಇವಕ್ಕೆ ಜಾಗ ಇಲ್ಲ. "ಹುಚ್ಚನ ಗತೆ ಮಾಡಬ್ಯಾಡ", "ಮಂಗ್ಯಾನ ಹಂಗ ಹಾರಬ್ಯಾಡ" ಅಂತ ಬೈಸಿಕೊಳ್ಳದ ಮಗು ಈ ಕಡೆ ಇದೆಯಾ? ಇನ್ನೂರು ಮುನ್ನೂರು ಕಿಲೋಮೀಟರ್ ಆಚೆಯ ಮಗು 'ಥರ' ಅಂತ ಬರೆದರೆ ನಡೆಯುತ್ತದಂತೆ. ನಮ್ಮ ಮಗು 'ಗತೆ' ಅಂದರೆ ಪ್ರಶ್ನಾರ್ಥಕ ಚಿಹ್ನೆ. ನನಗೆ ಹೊಟ್ಟೆ ಉರಿದದ್ದು ಇದಕ್ಕೇ.

ಈಗ ನಿಮಗೆ ಗೊತ್ತಿರುವ ವಿಷಯವನ್ನೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತ್ಯಂತ ಹಳೆಯ ಪುಸ್ತಕ ಕಥೆಯದ್ದಲ್ಲ, ಪುರಾಣದ್ದಲ್ಲ. ಅಲಂಕಾರದ್ದು. ಸುಮಾರು 850ರ ಹೊತ್ತಿನ ಕವಿರಾಜಮಾರ್ಗ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯ ಬರೆದದ್ದು. ಸಂಸ್ಕೃತದ ದಂಡಿ ಅನ್ನುವ ಪಂಡಿತನ ಪುಸ್ತಕವನ್ನು ಎದುರಿಗಿಟ್ಟುಕೊಂಡು, ಅದನ್ನು ನಮ್ಮ ನುಡಿಗೆ ಹೊಂದಿಸಿ ಬರೆದ. ಎರಡನೇ ಪರಿಚ್ಛೇದ ಶಬ್ದಾಲಂಕಾರ, ಮೂರನೆಯದು ಅರ್ಥಾಲಂಕಾರ. ಅಂಥ ಪುಸ್ತಕದಲ್ಲಿ ತಿರುಳುಗನ್ನಡ, ಅಂದರೆ ಅಪ್ಪಟ ಕನ್ನಡ, ಎಲ್ಲಿದೆ ಅಂತ ಹೇಳುವಾಗ ನಾಲ್ಕು ಊರಿನ ಹೆಸರು ಬರುತ್ತದೆ. ಕಿಸುವೊಳಲು ಅಂದರೆ ಪಟ್ಟದಕಲ್ಲು. ಪುಲಿಗೆರೆ ಅಂದರೆ ಲಕ್ಷ್ಮೇಶ್ವರ. ಒಂಕುಂದ ಬೆಳಗಾವಿ ಕಡೆಯದು. ಇನ್ನೊಂದು ಮಹಾಕೊಪಣನಗರ. ಅದು ನಮ್ಮ ಕೊಪ್ಪಳ. ನಾವು ನೀವು ಬಸ್ ಕಾಯುವ ಇದೇ ಕೊಪ್ಪಳ.

ಅದೇ ಪುಸ್ತಕ ಕನ್ನಡನಾಡಿನ ಜನರ ಬಗ್ಗೆ ಇನ್ನೊಂದು ಮಾತು ಹೇಳುತ್ತದೆ, ಪಾಠಕ್ಕೂ ಇಟ್ಟಿದ್ದೀರಿ, ಭಾಷಣಕ್ಕೂ ಬಳಸುತ್ತೀರಿ. 'ಕುರಿತೋದದೆಯುಂ ಕಾವ್ಯಪ್ರಯೋಗ ಪರಿಣತಮತಿಗಳ್.' ಗುರಿಯಿಟ್ಟು ಓದದಿದ್ದರೂ ಕಾವ್ಯದ ಮಾತು ಬಲ್ಲವರು. ರಾಜ್ಯೋತ್ಸವದ ಬ್ಯಾನರಿಗೆ ಇದನ್ನು ನಾನು ಎಷ್ಟು ಸಲ ಟೈಪ್ ಮಾಡಿದ್ದೇನೋ ಲೆಕ್ಕ ಇಲ್ಲ. ನವೆಂಬರಿನಲ್ಲಿ ಬ್ಯಾನರ್ ಹಾಕಿ, ಫೆಬ್ರುವರಿಯಲ್ಲಿ ಆ ಮಾತನ್ನೇ ಹೊಡೆದುಹಾಕುತ್ತೇವೆ.

ಕುರಿತೋದದವರು ಹೇಗಿರುತ್ತಾರೆ ಅಂತ ಒಂದು ಉದಾಹರಣೆ. ಒಬ್ಬ ಮುದುಕಿ ಆಧಾರ್ ಜೆರಾಕ್ಸಿಗೆ ಬಂದಿದ್ದಳು. ವೃದ್ಧಾಪ್ಯ ವೇತನದ ಕೆಲಸ. ಮಿಷನ್ನಿನಲ್ಲಿ ಕಾಗದ ಸಿಕ್ಕಿಕೊಂಡಿತು. ನಾನು ಬಾಗಿಲು ತೆಗೆದು ಎಳೆಯುತ್ತಿದ್ದೆ, ಇನ್ನೊಂದು ಒಳಗೆ ಹೋಯಿತು. ಮುದುಕಿ ಸ್ವಲ್ಪ ಹೊತ್ತು ನೋಡಿ ಹೇಳಿದಳು: "ನಿನ್ನ ಮಿಷನ್ನು ನಮ್ಮತ್ತಿ ಇದ್ದಂಗ ಐತಿ ನೋಡಪಾ. ಕೊಟ್ಟಿದ್ದೆಲ್ಲಾ ನುಂಗತೈತಿ, ಹೊರಗ ಒಂದೂ ಬಿಡವಲ್ದು." ಸಾಲಲ್ಲಿ ನಿಂತಿದ್ದವರೆಲ್ಲ ನಕ್ಕರು. ಹಿಂದೆ ನಿಂತಿದ್ದ ಒಬ್ಬಳು ಸೊಸೆ ಮಾತ್ರ ನಗಲಿಲ್ಲ, ಬಗ್ಗಿ ಮಿಷನ್ನಿನ ಒಳಗೆ ನೋಡಿದಳು.

ಹೆಬ್ಬೆಟ್ಟು ಒತ್ತುವ ಹೆಂಗಸು. ಉಪಮೇಯ, ಉಪಮಾನ, ವಾಚಕ, ಸಮಾನಧರ್ಮ, ನಾಲ್ಕೂ ಹೇಳಿದಳು. ಹೆಸರು ಗೊತ್ತಿಲ್ಲ, ಅಷ್ಟೇ. ಆ ಹೆಸರು ಕಲಿಸುವುದಕ್ಕೇ ಅಲ್ವಾ ಶಾಲೆ ಇರುವುದು?

ಇದರ ಉಲ್ಟಾ ಕೂಡ ಇದೆ. ನನ್ನ ಅಂಗಡಿಯಲ್ಲಿ ಸಂಜೆ ಹೊತ್ತು ಕೆಲಸ ಮಾಡುವ ಹುಡುಗನೊಬ್ಬ ತಾಂಡಾದವನು. ಅಪ್ಪ ಅವ್ವ ದುಡಿಯಲು ಗೋವಾಕ್ಕೆ ಹೋಗಿದ್ದರಿಂದ ಸಣ್ಣವನಿದ್ದಾಗ ಅಲ್ಲೇ ಬೆಳೆದ. ಮನೆಯಲ್ಲಿ ಲಂಬಾಣಿ ಮಾತು. ಬಹಳ ಚುರುಕು. ಹತ್ತನೇ ಕ್ಲಾಸಿನಲ್ಲಿ ಕನ್ನಡಕ್ಕೆ ಒಳ್ಳೆಯ ಅಂಕ ಬಂದಿದೆ. ರೂಪಕದ ಲಕ್ಷಣ ಕೇಳಿದರೆ ಈಗಲೂ ಉಸಿರು ತೆಗೆದುಕೊಳ್ಳದೆ ಹೇಳುತ್ತಾನೆ. ಒಮ್ಮೆ ಗಿರಾಕಿಯೊಬ್ಬರ ಕ್ಷಮೆ ಕೇಳುವ ಪತ್ರ ಟೈಪ್ ಮಾಡಲು ಕೊಟ್ಟೆ. 'ನನ್ನ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಬೇಕು' ಅಂತ ಅದರಲ್ಲಿತ್ತು. ಅವನು ಟೈಪ್ ಮಾಡುವುದು ನಿಲ್ಲಿಸಿ ಕೇಳಿದ: "ಅಣ್ಣ, ತಪ್ಪು ಹೊಟ್ಟಿಗೆ ಹೆಂಗ ಹಾಕ್ಕೊಂತಾರ? ಇವ್ರು ತಪ್ಪು ಬರದಾರ ಅನಸ್ತೈತಿ, ತಿದ್ದಲಾ?"

ನಾನು ನಗಲಿಲ್ಲ. ಅವನು ಕೇಳಿದ್ದು ಸರಿಯಾದ ಪ್ರಶ್ನೆ. ಪದದ ಮೇಲಿನ ಅರ್ಥ ವಾಚ್ಯಾರ್ಥ. ಅದು ಹೊಂದದಿದ್ದಾಗ ಹಿಡಿಯುವ ಇನ್ನೊಂದು ಅರ್ಥ ಲಕ್ಷ್ಯಾರ್ಥ. ಶಾಸ್ತ್ರದಲ್ಲಿ ಇದಕ್ಕೆ 'ಗಂಗೆಯಲ್ಲಿ ಹಳ್ಳಿ' ಅಂತ ಹಳೆಯ ಉದಾಹರಣೆ ಇದೆ. ನೀರಿನೊಳಗೆ ಹಳ್ಳಿ ಇರಲ್ಲ, ದಡದಲ್ಲಿರುತ್ತದೆ. ಅದನ್ನೇ ನಮ್ಮ ಮುನಿರಾಬಾದ್ ಕಡೆಯವರು "ನಮ್ಮೂರು ಹೊಳಿ ಮ್ಯಾಲ ಐತಿ" ಅಂತಾರೆ. ಊರೇನು ತುಂಗಭದ್ರೆ ಮೇಲೆ ತೇಲುತ್ತಿದೆಯಾ? ಹೀಗೆ ಹೇಳಿದಾಗ ಹುಡುಗನಿಗೆ ಚಕ್ಕನೆ ಹತ್ತಿತು. ಹೊಟ್ಟೆಗೆ ಹಾಕಿಕೊಂಡ ಮೇಲೆ ಅದು ಮತ್ತೆ ಹೊರಗೆ ಕಾಣಲ್ಲ, ಅದಕ್ಕೇ ಕ್ಷಮಿಸು ಅಂತ ಅರ್ಥ, ಅಲ್ವಾ ಅಣ್ಣ ಅಂದ. ಅವರ ಅಜ್ಜಿ ಇದನ್ನು ಬೇರೆ ರೀತಿ ಹೇಳುತ್ತಾಳಂತೆ. ಆಮೇಲೆ ಅರ್ಧ ಗಂಟೆ ಕೆಲಸ ಬಿಟ್ಟು ಅದೇ ಮಾತು ನಮ್ಮದು.

ಈ ಜಿಲ್ಲೆಯಲ್ಲಿ ತಾಂಡಾದ ಮಕ್ಕಳಿದ್ದಾರೆ. ಗಂಗಾವತಿ, ಕಾರಟಗಿ ಕಡೆಯ ಕ್ಯಾಂಪುಗಳಲ್ಲಿ ತೆಲುಗು ಮಾತಾಡುವ ಮಕ್ಕಳಿದ್ದಾರೆ. ಉರ್ದು ಮನೆಮಾತಿನವರಿದ್ದಾರೆ. ಇವರಿಗೆಲ್ಲ ನುಡಿಗಟ್ಟೇ ದೊಡ್ಡ ಗೋಡೆ. ಆದರೆ ನುಡಿಗಟ್ಟಿಗೆ ಹೊಂದಿಸಿ ಬರೆಯಿರಿ ಅಂತ ಒಂದು ಅಂಕ ಇಟ್ಟು ಮುಗಿಸುತ್ತೇವೆ. ಕಣ್ಣಿಗೆ ಮಣ್ಣೆರಚು ಅಂದರೆ ಮೋಸ ಮಾಡು. ಯಾಕೆ ಮಣ್ಣು, ಯಾಕೆ ಕಣ್ಣು ಅಂತ ಯಾರೂ ಹೇಳಲ್ಲ.

ರೂಪಕದ ಕಥೆ ಇನ್ನೂ ಮಜಾ ಇದೆ. ಕುಮಾರವ್ಯಾಸನಿಗೆ ಇರುವ ಬಿರುದು ಯಾವುದು ಅಂತ ಕೇಳಿದರೆ ಇಡೀ ಕ್ಲಾಸು ಒಂದೇ ದನಿಯಲ್ಲಿ 'ರೂಪಕ ಸಾಮ್ರಾಜ್ಯ ಚಕ್ರವರ್ತಿ' ಅನ್ನುತ್ತದೆ. ನಮ್ಮ ಪಕ್ಕದ ಗದಗಿನ ವೀರನಾರಾಯಣನ ಗುಡಿಯಲ್ಲಿ ಕೂತು ಬರೆದವನು ಅಂತಾರೆ. ಸರಿ. ಆದರೆ ಆ ಬಿರುದೇ ಒಂದು ರೂಪಕ ಅಂತ ನನ್ನ ಅಕ್ಕನ ಮಗಳ ಕ್ಲಾಸಿನಲ್ಲಿ ಯಾರೂ ಹೇಳಿಲ್ಲ. ರೂಪಕಗಳಿಗೆ ರಾಜ್ಯ ಎಲ್ಲಿದೆ, ಕವಿಗೆ ಕಿರೀಟ ಎಲ್ಲಿದೆ? ಕವಿಯೇ ಚಕ್ರವರ್ತಿ ಅಂದುಬಿಟ್ಟರು. 'ಅಂತೆ' ಇಲ್ಲ, 'ಹಂಗ' ಇಲ್ಲ. ಎರಡೂ ಒಂದೇ ಅಂತ ಹೇಳಿದರೆ ರೂಪಕ.

ಇಟಗಿಗೆ ಶಾಲೆಯಿಂದ ಪ್ರವಾಸ ಕರೆದುಕೊಂಡು ಹೋಗುತ್ತೀರಿ. ಅಲ್ಲಿಯ ಮಹಾದೇವ ದೇವಾಲಯ 1112ರದು. ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು. ಅಲ್ಲಿಯ ಶಾಸನ ಅದನ್ನು ದೇವಾಲಯ ಚಕ್ರವರ್ತಿ ಅನ್ನುತ್ತದೆ. ಗುಡಿಗಳಲ್ಲಿ ಚಕ್ರವರ್ತಿ! ಒಂಬೈನೂರು ವರ್ಷದ ಹಿಂದೆ ಶಾಸನ ಬರೆದವನು ನಮ್ಮ ಜಿಲ್ಲೆಯ ಒಂದು ಕಲ್ಲಿನ ಮೇಲೆ ಎಷ್ಟು ಚಂದದ ರೂಪಕ ಬಿಟ್ಟು ಹೋಗಿದ್ದಾನೆ. ಮಕ್ಕಳು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡು, ಪುಳಿಯೋಗರೆ ತಿಂದು ವಾಪಸ್ ಬರುತ್ತಾರೆ. ಸೋಮವಾರ ಕ್ಲಾಸಿನಲ್ಲಿ ಮತ್ತೆ ಮುಖಕಮಲ. ಈ ಮಕ್ಕಳಲ್ಲಿ ಎಷ್ಟು ಜನ ಕಮಲ ಅರಳುವುದನ್ನು ಕಣ್ಣಾರೆ ನೋಡಿದ್ದಾರೆ? ಭತ್ತದ ಕಣಜ ಗಂಗಾವತಿ ಅಂತ ದಿನಾ ಕೇಳುತ್ತಾರೆ. ಅದೂ ರೂಪಕವೇ.

ಮಾತು ಬಂತು ಅಂತ ಹೇಳುತ್ತೇನೆ, ರೂಪಕದ ಹಾವಳಿ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಹುಟ್ಟುಹಬ್ಬದ ಬ್ಯಾನರುಗಳಲ್ಲಿ ನಾನೇ ಟೈಪ್ ಮಾಡಿದ ಕಲಿಯುಗದ ಕರ್ಣರು ಈ ತಾಲ್ಲೂಕಿನಲ್ಲಿ ಕನಿಷ್ಠ ಇಪ್ಪತ್ತು ಜನ ಇದ್ದಾರೆ. ಹುಲಿ, ಸಿಂಹ ಎಷ್ಟೋ. ಅವರಲ್ಲಿ ಇಬ್ಬರು ಕರ್ಣರು ಇನ್ನೂ ಬ್ಯಾನರಿನ ದುಡ್ಡು ಕೊಟ್ಟಿಲ್ಲ. ಯಾವ ಹೋಲಿಕೆ ಹೊಂದುತ್ತದೆ, ಯಾವುದು ಸುಮ್ನೆ ಹೊಗಳಿಕೆ ಅಂತ ಗುರುತಿಸುವುದನ್ನು ಮಕ್ಕಳು ಕಲಿತರೆ ಓಟು ಹಾಕುವ ವಯಸ್ಸಿಗೆ ಉಪಯೋಗಕ್ಕೆ ಬರುತ್ತದೆ. ನನ್ನ ವ್ಯಾಪಾರಕ್ಕೆ ಸ್ವಲ್ಪ ಹೊಡೆತ ಬೀಳಬಹುದು, ಬೀಳಲಿ.

ಮತ್ತೆ ಅಕ್ಕನ ಮಗಳ ವಿಷಯ. ಆ ಸಂಜೆ ಅವಳನ್ನು ಸಮಾಧಾನ ಮಾಡಲು ನಿಮ್ಮ ದೊಡ್ಡಪ್ಪನ ಸಿಟ್ಟು ಹೀಗಾದರೆ ನಿಮ್ಮ ಅವ್ವನದು ಹೇಗೆ ಅಂತ ಕೇಳಿದೆ. ಅವಳು ಯೋಚನೆ ಕೂಡ ಮಾಡಲಿಲ್ಲ. "ಅವ್ವಂದು ಜಾಲಿ ಕೆಂಡ ಮಾಮ. ಮ್ಯಾಲ ಬೂದಿ, ಒಳಗ ಹಂಗಾ ಇರತೈತಿ. ಮರುದಿನಾ ಕೈ ಇಟ್ರೂ ಸುಡತೈತಿ." ಅಕ್ಕ ನನ್ನ ಸ್ವಂತ ಅಕ್ಕ. ಆ ಕೆಂಡ ಎಷ್ಟು ದಿನ ಇರುತ್ತದೆ ಅಂತ ನನಗೆ ಗೊತ್ತು. ಬಳ್ಳಾರಿ ಜಾಲಿಯ ಕಟ್ಟಿಗೆ ಒಲೆಗೆ ಇಟ್ಟವರಿಗೂ ಗೊತ್ತು.

ಒಂದೇ ಹುಡುಗಿ, ಎರಡು ಸಿಟ್ಟು, ಎರಡು ಕಟ್ಟಿಗೆ. ಮೊದಲನೆಯದರಲ್ಲಿ 'ಗತೆ' ಇದೆ, ಉಪಮೆ. ಎರಡನೆಯದರಲ್ಲಿ ಇಲ್ಲ, ರೂಪಕ. ಉಪಮೆಗೂ ರೂಪಕಕ್ಕೂ ಏನು ವ್ಯತ್ಯಾಸ ಅಂತ ಇದಕ್ಕಿಂತ ಸುಲಭವಾಗಿ ಯಾವ ಗೈಡಿನಲ್ಲಿದೆ ತೋರಿಸಿ. ದೃಷ್ಟಾಂತ ಅಲಂಕಾರ ಬೇಕಾದರೂ ಅಡುಗೆಮನೆಯಲ್ಲೇ ಸಿಗುತ್ತದೆ. 'ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು.' ಒಂದು ಮಾತಿಗೆ ಇನ್ನೊಂದು ಮಾತು ಕನ್ನಡಿಯ ಬಿಂಬದ ಹಾಗೆ ನಿಲ್ಲುತ್ತದೆ. ಗಾದೆ ವಿಸ್ತರಿಸಿ ಅಂತ ಒಂದು ಪ್ರಶ್ನೆ, ಅಲಂಕಾರ ಬರೆಯಿರಿ ಅಂತ ಇನ್ನೊಂದು ಪ್ರಶ್ನೆ. ಎರಡಕ್ಕೂ ನಂಟಿದೆ ಅಂತ ಮಕ್ಕಳಿಗೆ ಗೊತ್ತೇ ಆಗಲ್ಲ.

ಸಂದರ್ಭ ಮತ್ತು ಸ್ವಾರಸ್ಯದ ಪ್ರಶ್ನೆಯ ಬಗ್ಗೆ ಒಂದೇ ಮಾತು. ನಾನು ಟೈಪ್ ಮಾಡುವ ನೋಟ್ಸುಗಳಲ್ಲಿ ಎಲ್ಲ ಉತ್ತರದ ಕೊನೆಗೂ 'ಇಲ್ಲಿ ಕವಿಯು ಸ್ವಾರಸ್ಯಪೂರ್ಣವಾಗಿ ವರ್ಣಿಸಿದ್ದಾರೆ' ಅಂತ ಇರುತ್ತದೆ. ಈಗ ಅದನ್ನು ಟೈಪ್ ಮಾಡುವುದಿಲ್ಲ, ಕಾಪಿ ಮಾಡಿ ಅಂಟಿಸುತ್ತೇನೆ. ಸ್ವಾರಸ್ಯ ಏನು ಅಂತ ಕೇಳಿದರೆ ಸ್ವಾರಸ್ಯ ಇದೆ ಅಂತ ಉತ್ತರ. ಅದಕ್ಕೆ ಪೂರ್ತಿ ಅಂಕ ಬರುತ್ತದೆ. ಹತ್ತಿಕಟಿಗಿಗೆ ಬರುವುದಿಲ್ಲ.

ಪುಸ್ತಕದ ಪದ್ಯ ಬೇಡ ಅಂತ ನಾನು ಹೇಳುತ್ತಿಲ್ಲ, ತಪ್ಪು ತಿಳಿಯಬೇಡಿ. ಪರೀಕ್ಷೆಯಲ್ಲಿ ಪದ್ಯದ ಸಾಲು ಕೊಟ್ಟು ಯಾವ ಅಲಂಕಾರ ಅಂತ ಕೇಳಿದರೆ ಅದಕ್ಕೇ ಉತ್ತರ ಬರೆಯಬೇಕು. ಹಳಗನ್ನಡ ಓದದೆ ಕನ್ನಡ ಗೊತ್ತಾಗಲ್ಲ. ಮಗು ಬರೆದದ್ದೆಲ್ಲ ಸರಿ ಅಂತಲೂ ಅಲ್ಲ. ನನ್ನ ಅಂಗಡಿಯ ಹುಡುಗನನ್ನು ಒಂದು ಉಪಮೆ ಹೇಳು ಅಂದಾಗ "ನಮ್ಮ ಹಸು ಎಮ್ಮೆಯಂತೆ ಹುಲ್ಲು ತಿನ್ನುತ್ತದೆ" ಅಂದ. ಹೋಲಿಕೆ ಇದೆ, ಸೊಗಸಿಲ್ಲ. ಅದಕ್ಕೆ ಅರ್ಧ ಅಂಕ ಕಡಿಮೆ ಕೊಡಿ, ಯಾಕೆ ಅಂತ ಹೇಳಿ ಕೊಡಿ. 'ಉದಾಹರಣೆ ಕೊಡಿ' ಅಂತ ಬಾಯಿ ಬಿಟ್ಟು ಕೇಳಿದ ಮೇಲೆ, ಕೊಟ್ಟದ್ದನ್ನು ನೋಡದೆ ಹೊಡೆಯುವುದು ಯಾವ ನ್ಯಾಯ?

ಹಾಗಾಗಿ ನನ್ನ ವಿನಂತಿ ದೊಡ್ಡದಲ್ಲ. ನೀವು ಬರೆಯುವ ಉತ್ತರಸೂಚಿಯಲ್ಲಿ ಅಲಂಕಾರದ ಪ್ರಶ್ನೆಯ ಕೆಳಗೆ ಒಂದು ಸಾಲು ಸೇರಿಸಿ: 'ವಿದ್ಯಾರ್ಥಿಯ ಸ್ವಂತ ಉದಾಹರಣೆ ಲಕ್ಷಣಕ್ಕೆ ಹೊಂದಿದ್ದರೆ, ಸಮನ್ವಯ ಸರಿಯಿದ್ದರೆ ಪೂರ್ಣ ಅಂಕ ನೀಡುವುದು.' ಈ ಸಾಲಿದ್ದರೆ ನಮ್ಮ ಸರ್ ಅಂಥವರಿಗೆ ಧೈರ್ಯ ಬರುತ್ತದೆ. ಬೇರೆ ಊರಿನಲ್ಲಿ ತಿದ್ದುವವರಿಗೂ ಅನುಮಾನ ಇರಲ್ಲ. ಉಪಮಾವಾಚಕದ ಪಟ್ಟಿಯ ಪಕ್ಕದಲ್ಲಿ 'ಹಂಗ, ಗತೆ, ಥರ ಮುಂತಾದ ಆಡುಮಾತಿನ ರೂಪಗಳೂ ಆಗಬಹುದು' ಅಂತ ಬರೆಯಿರಿ. ಉತ್ಪ್ರೇಕ್ಷೆಯ ಹತ್ತಿರ ನ್ಯೂಸ್ ಪೇಪರಿನ ಅರ್ಥ ಬೇರೆ, ಅಲಂಕಾರದ ಅರ್ಥ ಬೇರೆ ಅಂತ ಎಚ್ಚರಿಕೆ ಇರಲಿ, ಅದರ ಪಾಪ ನನ್ನ ತಲೆ ಮೇಲೂ ಇದೆ. ಇನ್ನು ಕ್ಲಾಸಿನ ವಿಷಯ. ಮುಖಕಮಲಕ್ಕೆ ಹೋಗುವ ಮೊದಲು ಒಂದು ದಿನ, ಒಂದೇ ಒಂದು ದಿನ, ಮನೆಯಲ್ಲಿ ಸಂತೆಯಲ್ಲಿ ಕೇಳಿದ ಒಂದೊಂದು ಹೋಲಿಕೆ ಬರೆದುಕೊಂಡು ಬನ್ನಿ ಅಂತ ಮಕ್ಕಳಿಗೆ ಹೇಳಿ ನೋಡಿ. ಬೇರೆ ಮನೆಮಾತಿನ ಮಕ್ಕಳು ಅವರ ಮಾತಿನದ್ದೇ ತರಲಿ, ಕನ್ನಡದಲ್ಲಿ ಅರ್ಥ ಹೇಳಲಿ.

ಆ ಹಾಳೆಗಳನ್ನು ಒ​ಟ್ಟು ಮಾಡಿ ಕೊಟ್ಟರೆ ನಾನು ಪುಕ್ಕಟೆ ಟೈಪ್ ಮಾಡಿ, ಶಾಲೆಗೆ ಐವತ್ತರಂತೆ ಕಾಪಿ ತೆಗೆದುಕೊಡುತ್ತೇನೆ. ಮಾರ್ಚ್ ಬಿಟ್ಟು ಬೇರೆ ಯಾವ ತಿಂಗಳಾದರೂ ಸರಿ.

ಈ ಪತ್ರದ ಜೊತೆ ಆ ಉತ್ತರಪತ್ರಿಕೆಯ ಒಂದು ಪುಟದ ಜೆರಾಕ್ಸ್ ಇಟ್ಟಿದ್ದೇನೆ. ಹುಡುಗಿಯನ್ನು ಕೇಳಿಯೇ ಇಟ್ಟಿದ್ದು. ಅವಳ ಹೆಸರು, ಶಾಲೆಯ ಹೆಸರು, ತಿದ್ದಿದವರ ಸಹಿ, ಮೂರರ ಮೇಲೂ ಬಿಳಿ ಕಾಗದ ಅಂಟಿಸಿ ಕಾಪಿ ತೆಗೆದಿದ್ದೇನೆ. ನನ್ನ ಮಿಷನ್ ಕಪ್ಪು ಬಿಳುಪಿನದು, ಹಾಗಾಗಿ ಕೆಂಪು ಗೆರೆ ಇಲ್ಲಿ ಕಪ್ಪಾಗಿ ಬಂದಿದೆ. ಅದರ ಕೆಳಗಿನ ವಾಕ್ಯವನ್ನು ಸ್ವಲ್ಪ ಕಷ್ಟಪಟ್ಟರೆ ಈಗಲೂ ಓದಬಹುದು.

ಇಂತಿ ತಮ್ಮ ವಿಶ್ವಾಸಿ,
ಕೊಪ್ಪಳದ ಒಬ್ಬ ಜೆರಾಕ್ಸ್ ಅಂಗಡಿಯವ